ಕುಶಾಲನಗರದ ಸರ್ವರ್ ಡೇಟಾ ಸೆಂಟರ್‌ಗೆ ಹೋಗಬೇಕೇ? ಹೋಗುವುದಾದರೆ ಯಾವುದಕ್ಕೆ?

ಪ್ರಶ್ನೆ: ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಕಾಫಿ ಕ್ಯೂರಿಂಗ್ ವರ್ಕ್ಸ್. ಜೊತೆಗೆ ಕರಿಮೆಣಸಿನ ವ್ಯಾಪಾರವೂ ಇದೆ. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆಯಲ್ಲಿ ಖರೀದಿ ಡಿಪೋಗಳಿವೆ. ಟ್ಯಾಲಿ ಮತ್ತು ದಾಸ್ತಾನಿನ ತಂತ್ರಾಂಶವನ್ನು 25 ಜನ ಬಳಸುತ್ತಾರೆ, ಅವರಲ್ಲಿ 9 ಮಂದಿ ಡಿಪೋಗಳಲ್ಲಿದ್ದಾರೆ. ಎರಡು 2ಯು ಎತ್ತರದ ರ್‍ಯಾಕ್ ಸರ್ವರ್, ಒಂದು ಟವರ್ ಸರ್ವರ್, ಬ್ಯಾಕಪ್‌ಗೆ ಜಾಲಕ್ಕೆ ಜೋಡಿಸಿದ ಒಂದು ನಾಸ್ ಡಿಸ್ಕ್ ಪೆಟ್ಟಿಗೆ, ಒಂದು ಫೈರ್‌ವಾಲ್, 24 ಪೋರ್ಟಿನ ಸ್ವಿಚ್ ಇವೆ. ಮಳೆಗಾಲ ಬಂತೆಂದರೆ ಯುಪಿಎಸ್ ಬ್ಯಾಟರಿ ಕೈಕೊಡುತ್ತದೆ, ಡಿಪೋಗಳ ಕೆಲಸ ನಿಲ್ಲುತ್ತದೆ. ಕೊಲೊಕೇಶನ್‌ಗೆ ಮೂರು ಕೊಟೇಶನ್ ಬಂದಿವೆ (ನಮ್ಮ ಯಂತ್ರಗಳನ್ನು ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಜಾಗದಲ್ಲಿ ಇಡುವುದೇ ಕೊಲೊಕೇಶನ್). ಬೆಂಗಳೂರಿನ ಒಂದು ಕೇಂದ್ರ ಟಿಯರ್ 3 (ಡೇಟಾ ಸೆಂಟರ್‌ನ ಭರವಸೆಯ ಒಂದು ದರ್ಜೆ) ಪ್ರಮಾಣಪತ್ರ ಇದೆ ಎನ್ನುತ್ತದೆ, ಇನ್ನೊಂದು ‘ಟಿಯರ್ 3 ಸಮಾನ’ ಎಂದು ಬರೆದಿದೆ. ಮೈಸೂರಿನ ಸಣ್ಣ ಕೇಂದ್ರ ಏನೂ ಹೇಳಿಲ್ಲ, ಆದರೆ ಅಗ್ಗ. ಯಾವುದಕ್ಕೆ ಸಹಿ ಹಾಕಬೇಕು?

ಉತ್ತರ: ಸದ್ಯಕ್ಕೆ ಯಾವುದಕ್ಕೂ ಬೇಡ. ಎರಡು ಲೆಕ್ಕ ಇನ್ನೂ ನಿಮ್ಮ ಕೈಯಲ್ಲಿಲ್ಲ: ನಿಮ್ಮ ಯಂತ್ರಗಳು ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತವೆ, ಕುಶಾಲನಗರದಿಂದ ಆ ಮೂರು ಕಡೆಗೂ ಹೋಗಿ ಬರಲು ಸಿಗ್ನಲ್‌ಗೆ ಎಷ್ಟು ಹೊತ್ತು ಬೇಕು. ಬಾಡಿಗೆ ನಿಂತಿರುವುದು ಮೊದಲನೆಯದರ ಮೇಲೆ, 25 ಜನರ ಕೆಲಸ ನಿಂತಿರುವುದು ಎರಡನೆಯದರ ಮೇಲೆ. ಟಿಯರ್ ಮಾತು ಆಮೇಲಿನದು.

ಮೊದಲು ಬ್ಯಾಟರಿಯ ವಿಷಯ, ಏಕೆಂದರೆ ಅದೊಂದೇ ಕಾರಣಕ್ಕೆ ಸರ್ವರ್ ಸಾಗಿಸುವ ಅಗತ್ಯವಿಲ್ಲ. ಸೀಸದ ಸೀಲ್ಡ್ ಬ್ಯಾಟರಿ ಪೂರ್ತಿ ಖಾಲಿಯಾದರೆ ಮತ್ತೆ ತುಂಬಲು 8ರಿಂದ 10 ಗಂಟೆ ಬೇಕು. ಜುಲೈನಲ್ಲಿ ಮರ ಬಿದ್ದು ಆರು ಗಂಟೆ ಕರೆಂಟ್ ಹೋಗುತ್ತದೆ, ಎರಡು ಗಂಟೆ ಬಂದು ಮತ್ತೆ ಹೋಗುತ್ತದೆ. ಅರೆ ಹೊಟ್ಟೆಯಲ್ಲೇ ದಿನ ದೂಡುವ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಒಂದೇ ಮಳೆಗಾಲಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಇನ್ನೊಂದು ಕಾರಣ ನಿಮ್ಮ ಕಾರ್ಖಾನೆಯೊಳಗೇ ಇರಬಹುದು. ಹಲ್ಲರ್, ಗ್ರೇಡರ್‌ಗಳ ಮೋಟಾರ್ ಓಡುವ ಜನರೇಟರಿನ ಲೈನೇ ಸರ್ವರ್ ಕೋಣೆಗೂ ಬಂದಿದ್ದರೆ, ಮೋಟಾರ್ ಹೊರಡುವಾಗಲೆಲ್ಲ ವೋಲ್ಟೇಜ್ ಕುಸಿದು ಯುಪಿಎಸ್ ಬ್ಯಾಟರಿಗೆ ಜಾರುತ್ತದೆ. ಜನರೇಟರ್ ಓಡುತ್ತಿದ್ದರೂ ಬ್ಯಾಟರಿ ಖಾಲಿಯಾಗುವ ‘ಪವಾಡ’ ಇದೇ. ನಿಮ್ಮ 25 ಜನರೂ ಒಂದೇ ಕಟ್ಟಡದಲ್ಲಿ ಇದ್ದಿದ್ದರೆ, ಸರ್ವರ್ ಕೋಣೆಗೆ ಪ್ರತ್ಯೇಕ ಸಣ್ಣ ಜನರೇಟರ್, ಲಿಥಿಯಂ ಬ್ಯಾಟರಿಯ ಯುಪಿಎಸ್ ಹಾಕಿಸಿ ಇಲ್ಲೇ ಇಟ್ಟುಕೊಳ್ಳಿ ಎನ್ನುತ್ತಿದ್ದೆವು. ಮೂರು ಊರಿನ ಡಿಪೋಗಳು ಕುಶಾಲನಗರದ ಒಂದು ಕೋಣೆಯನ್ನು ನಂಬಿಕೊಂಡಿರುವುದರಿಂದಲೇ ಸ್ಥಳಾಂತರಕ್ಕೆ ಅರ್ಥ ಬರುವುದು.

ಹಾಗೆಂದು ಎಲ್ಲವನ್ನೂ ಕಟ್ಟಿಕೊಂಡು ಹೋಗಬೇಡಿ. ವೇಬ್ರಿಡ್ಜಿನ ಕಂಪ್ಯೂಟರ್ ಇಲ್ಲೇ ಇರಲಿ, ಇಂಟರ್‌ನೆಟ್ ಇಲ್ಲದಿದ್ದರೂ ತೂಕದ ಚೀಟಿ ಮುದ್ರಿಸುವಂತಿರಲಿ. ಲೈನ್ ಬಂದ ಮೇಲೆ ಚೀಟಿಗಳು ತಾವಾಗಿ ಮೇಲಕ್ಕೆ ಹೋಗುವ ವ್ಯವಸ್ಥೆಯನ್ನು ತಂತ್ರಾಂಶದವರಿಂದ ಮಾಡಿಸಿ. ಜನವರಿಯಲ್ಲಿ ಚೆರಿ ಹೊತ್ತ ಲಾರಿಗಳು ಗೇಟಿನಲ್ಲಿ ಸಾಲುಗಟ್ಟಿದಾಗ ‘ನೆಟ್ ಇಲ್ಲ, ನಿಲ್ಲಿ’ ಎನ್ನುವ ಹಾಗಿಲ್ಲ. ಸಿಸಿಟಿವಿ ರೆಕಾರ್ಡರ್, ಹಾಜರಾತಿ ಯಂತ್ರವೂ ಇಲ್ಲೇ. ನಾಸ್ ಪೆಟ್ಟಿಗೆಯನ್ನು ಖಂಡಿತ ಕಳಿಸಬೇಡಿ. ಇಷ್ಟು ದಿನ ಸರ್ವರ್ ಪಕ್ಕದಲ್ಲೇ ಇದ್ದ ಬ್ಯಾಕಪ್ ಇನ್ನು ಮುಂದೆ ಸರ್ವರ್‌ನಿಂದ ದೂರದ ಬೇರೆ ಊರಿನಲ್ಲಿ ಇರುತ್ತದೆ, ಅದು ಈ ಸ್ಥಳಾಂತರದ ಬಿಟ್ಟಿ ಲಾಭ. ಆದರೆ ನೆಲಮಹಡಿಯಲ್ಲಿ ಬೇಡ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದು ನೆನಪಿರಲಿ.

ಟವರ್ ಸರ್ವರ್ ಬಗ್ಗೆ ಖಚಿತವಾಗಿ ಹೇಳುತ್ತೇವೆ: ಅದನ್ನು ಬಿಡಿ. ರ್‍ಯಾಕ್‌ನಲ್ಲಿ ಜಾಗವನ್ನು ‘ಯು’ ಲೆಕ್ಕದಲ್ಲಿ ಅಳೆಯುತ್ತಾರೆ, 1ಯು ಎಂದರೆ 44.45 ಮಿಲಿಮೀಟರ್ ಎತ್ತರ. ಟವರನ್ನು ಶೆಲ್ಫ್ ಮೇಲೆ ಮಲಗಿಸಿದರೆ ಏನಿಲ್ಲವೆಂದರೂ 5ಯು ನುಂಗುತ್ತದೆ. ಎರಡು ಸರ್ವರ್‌ಗೆ 4ಯು, ಫೈರ್‌ವಾಲ್‌ಗೆ 1, ಸ್ವಿಚ್‌ಗೆ 1, ಒಟ್ಟು 6ಯು. ಟವರ್ ಸೇರಿದರೆ 11ಯು. ಕಾಲು ರ್‍ಯಾಕ್ ಎಂದರೆ ಸಾಮಾನ್ಯವಾಗಿ 10ಯು ಆಸುಪಾಸು. ಈ ಒಂದು ಹಳೆಯ ಡಬ್ಬಿಗಾಗಿ ಅರ್ಧ ರ್‍ಯಾಕ್ ಬಾಡಿಗೆ ಕಟ್ಟಬೇಕಾಗುತ್ತದೆ. ಅದರಲ್ಲಿ ಓಡುತ್ತಿರುವುದನ್ನು ವರ್ಚುವಲ್ ಯಂತ್ರವಾಗಿ (ತಂತ್ರಾಂಶದೊಳಗೇ ಓಡುವ ಕಂಪ್ಯೂಟರ್) ಪರಿವರ್ತಿಸಿ, ಎರಡು ರ್‍ಯಾಕ್ ಸರ್ವರ್‌ಗಳಲ್ಲಿ ಒಂದಕ್ಕೆ ಏರಿಸಿ. ರ್‍ಯಾಮ್ ಸಾಲದಿದ್ದರೆ ಸೇರಿಸಿ. ಆ ಖರ್ಚು ಒಂದೇ ಸಲದ್ದು, ಬಾಡಿಗೆ ತಿಂಗಳು ತಿಂಗಳೂ ಬರುವಂಥದ್ದು. ರ್‍ಯಾಕ್ ಸರ್ವರ್‌ಗಳಿಗೇ ಆರೇಳು ವರ್ಷ ತುಂಬಿ, ಕಂಪನಿಯ ವಾರಂಟಿ ಮುಗಿದಿದ್ದರೆ ಕೊಲೊಕೇಶನ್ ಯೋಚನೆಯನ್ನೇ ಕೈಬಿಟ್ಟು, ಅದೇ ಡೇಟಾ ಸೆಂಟರ್‌ನವರ ಸರ್ವರನ್ನೇ ಬಾಡಿಗೆಗೆ ಪಡೆಯಿರಿ. ಮುದಿ ಯಂತ್ರಕ್ಕೆ ಒಳ್ಳೆಯ ಮನೆ ಹುಡುಕಿ ಪ್ರಯೋಜನವಿಲ್ಲ.

ಈಗ ಕರೆಂಟಿನ ಲೆಕ್ಕ. ಕೊಟೇಶನ್ ಕೊಟ್ಟವರು ಪವರ್ ಸಪ್ಲೈ ಮೇಲೆ ಅಚ್ಚಾದ ವ್ಯಾಟ್‌ಗಳನ್ನು ಕೂಡಿರುತ್ತಾರೆ. ಎರಡು ಸರ್ವರ್‌ಗೆ 750ರಂತೆ 1,500, ಉಳಿದದ್ದೆಲ್ಲ ಸೇರಿ ‘2 ಕಿಲೋವ್ಯಾಟ್ ತಗೊಳ್ಳಿ ಸಾರ್’ ಎನ್ನುತ್ತಾರೆ. ಅಚ್ಚಾದದ್ದು ಆ ಸಪ್ಲೈ ಕೊಡಬಲ್ಲ ಗರಿಷ್ಠ, ಸರ್ವರ್ ತಿನ್ನುವುದು ಅದರಲ್ಲಿ ಒಂದು ಪಾಲು ಮಾತ್ರ. ಸರ್ವರನ್ನು ದೂರದಿಂದ ನಿರ್ವಹಿಸುವ ಐಡ್ರ್ಯಾಕ್ ಅಥವಾ ಐಎಲ್‌ಒ ಪುಟದಲ್ಲಿ ಈ ಕ್ಷಣದ ವ್ಯಾಟ್, ಗರಿಷ್ಠ ವ್ಯಾಟ್ ಎರಡೂ ಸಿಗುತ್ತವೆ. ಅದಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿಸಿ. ಮೂರು ಸಲ ಅಳೆಯಿರಿ: ಹಗಲಿನ ಕೆಲಸದ ಹೊತ್ತು, ರಾತ್ರಿ ಬ್ಯಾಕಪ್ ಓಡುವಾಗ, ಸರ್ವರ್ ಆನ್ ಮಾಡಿದ ಮೊದಲ ಒಂದೆರಡು ನಿಮಿಷ. ಫ್ಯಾನ್‌ಗಳೆಲ್ಲ ಪೂರ್ತಿ ವೇಗದಲ್ಲಿ ತಿರುಗುವುದು ಆಗಲೇ. ಉದಾಹರಣೆಗೆ ಸರ್ವರ್ ಒಂದಕ್ಕೆ 250, ಫೈರ್‌ವಾಲ್‌ಗೆ 30, ಸ್ವಿಚ್‌ಗೆ 40 ವ್ಯಾಟ್ ಬಂತೆನ್ನಿ. ಒಟ್ಟು 570 ವ್ಯಾಟ್, 230 ವೋಲ್ಟ್‌ನಲ್ಲಿ ಎರಡೂವರೆ ಆಂಪಿಯರ್. 1 ಕಿಲೋವ್ಯಾಟ್ ಒಪ್ಪಂದ ಧಾರಾಳವಾಗಿ ಸಾಕು. 2 ಕಿಲೋವ್ಯಾಟ್‌ಗೆ ಸಹಿ ಹಾಕಿದರೆ ಬಳಸದ ಕರೆಂಟಿಗೂ ಪ್ರತಿ ತಿಂಗಳು ದುಡ್ಡು.

ಬಿಲ್ ಮಾಡುವ ರೀತಿಯನ್ನೂ ಕೇಳಿ. ಕೆಲವರು ಒಪ್ಪಂದದ ಕಿಲೋವ್ಯಾಟ್‌ಗೆ ಇಷ್ಟು ಎಂದು ನಿಗದಿತ ಮೊತ್ತ ಹಾಕುತ್ತಾರೆ, ಕೆಲವರು ಮೀಟರ್ ಇಟ್ಟು ಯೂನಿಟ್ ಲೆಕ್ಕ ಮಾಡುತ್ತಾರೆ. ಮೀಟರ್‌ನವರು ನಿಮ್ಮ ಯೂನಿಟ್‌ಗಳನ್ನು ಪಿಯುಇ ಎಂಬ ಸಂಖ್ಯೆಯಿಂದ ಗುಣಿಸುತ್ತಾರೆ. ಎಸಿ, ಯುಪಿಎಸ್ ಎಲ್ಲ ಸೇರಿ ಇಡೀ ಕಟ್ಟಡ ತಿನ್ನುವುದನ್ನು ಸರ್ವರ್‌ಗಳು ತಿನ್ನುವುದರಿಂದ ಭಾಗಿಸಿದರೆ ಬರುವುದೇ ಪಿಯುಇ. 570 ವ್ಯಾಟ್ ದಿನವಿಡೀ ಓಡಿದರೆ 30 ದಿನಕ್ಕೆ ಸುಮಾರು 410 ಯೂನಿಟ್. ಪಿಯುಇ 1.5 ಆದರೆ ಬಿಲ್ 615 ಯೂನಿಟ್‌ಗೆ, 1.8 ಆದರೆ 738ಕ್ಕೆ. ಮೈಸೂರಿನವರು ಅಗ್ಗ ಎಂದಿರಲ್ಲ, ಅವರ ಪಿಯುಇ ಎಷ್ಟು, ಅದು ಒಪ್ಪಂದದಲ್ಲಿ ನಿಗದಿಯಾಗಿದೆಯೋ ಅಥವಾ ‘ವಾಸ್ತವಕ್ಕೆ ತಕ್ಕಂತೆ’ ಎಂದಿದೆಯೋ ನೋಡಿ. ಎಸಿ ಹಳತಾದಷ್ಟೂ ಆ ‘ವಾಸ್ತವ’ ಏರುತ್ತದೆ. ಮೂರು ಕೊಟೇಶನ್‌ಗಳಲ್ಲೂ ಶೇ. 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ನೋಡಿಕೊಂಡೇ ಹೋಲಿಸಿ.

ನಿಮ್ಮ ಸರ್ವರ್‌ಗಳಲ್ಲಿ ತಲಾ ಎರಡು ಪವರ್ ಸಪ್ಲೈ ಇವೆಯೇ? ಡೇಟಾ ಸೆಂಟರ್‌ನಲ್ಲಿ ರ್‍ಯಾಕ್‌ಗೆ ಎ, ಬಿ ಎಂದು ಎರಡು ಬೇರೆ ಲೈನ್ ಬರುತ್ತವೆ, ಎರಡಕ್ಕೂ ಬೇರೆ ಬೇರೆ ಯುಪಿಎಸ್ ಇರಬೇಕು. ಒಂದು ಸಪ್ಲೈ ಎ ಲೈನ್‌ಗೆ, ಇನ್ನೊಂದು ಬಿ ಲೈನ್‌ಗೆ. ಎರಡನ್ನೂ ಒಂದೇ ಪವರ್ ಪಟ್ಟಿಗೆ ಚುಚ್ಚಿ ಹೋಗುವವರು ಆಶ್ಚರ್ಯ ಹುಟ್ಟಿಸುವಷ್ಟಿದ್ದಾರೆ. ಮುಂದಿನ ನಿರ್ವಹಣೆಯ ದಿನ ಆ ಲೈನ್ ಆರಿಸಿದಾಗ ಸರ್ವರ್ ಮಲಗುತ್ತದೆ, ತಪ್ಪು ಡೇಟಾ ಸೆಂಟರಿನದ್ದಲ್ಲ. ಫೈರ್‌ವಾಲ್ ಮತ್ತು ಸ್ವಿಚ್‌ನಲ್ಲಿ ಬಹುತೇಕ ಒಂದೇ ಸಪ್ಲೈ ಇರುತ್ತದೆ. ಅವಕ್ಕಾಗಿ 1ಯು ಗಾತ್ರದ ಸ್ವಯಂಚಾಲಿತ ಟ್ರಾನ್ಸ್‌ಫರ್ ಸ್ವಿಚ್ ಹಾಕಿ, ಅದು ಎ ಹೋದರೆ ಬಿಗೆ ಹಾರುತ್ತದೆ. ಇದರೊಂದಿಗೆ ನಿಮ್ಮ ಲೆಕ್ಕ 7ಯು ಆಯಿತು. ನಮ್ಮ ಮೂರು ಪಿನ್ನಿನ ಪ್ಲಗ್‌ಗೆ ಅಲ್ಲಿನ ಪವರ್ ಪಟ್ಟಿಯಲ್ಲಿ ಜಾಗ ಇರುವುದಿಲ್ಲ. ಸಿ13–ಸಿ14 ತುದಿಯ ತಂತಿಗಳನ್ನು ಒಂದೆರಡು ಹೆಚ್ಚೇ ಒಯ್ಯಿರಿ. ಸ್ವಂತ ಯುಪಿಎಸ್ ಒಯ್ಯಬೇಡಿ, ಸರ್ವರ್ ಹಾಲ್‌ಗೆ ಗ್ರಾಹಕರ ಬ್ಯಾಟರಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಇನ್ನು ದಾರಿ. ಕೊಡಗಿನವರಿಗೆ ಇದೇ ನಿಜವಾದ ಪರೀಕ್ಷೆ. ಗಾಜಿನ ಎಳೆಯಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಕೇಬಲ್ 300 ಕಿಲೋಮೀಟರ್ ಇದ್ದರೂ ಹೋಗಿ ಬರಲು 3 ಮಿಲಿಸೆಕೆಂಡ್ ಅಷ್ಟೇ. ನಡುವಿನ ಉಪಕರಣಗಳೆಲ್ಲ ಸೇರಿ 10ರಿಂದ 20 ಬಂದರೆ ಸರಿ. ಹಾಗಾಗಿ ಮೈಸೂರು ಹತ್ತಿರ, ಬೆಂಗಳೂರು ದೂರ ಎಂಬ ವಾದಕ್ಕೆ ವೇಗದ ವಿಷಯದಲ್ಲಿ ತೂಕವಿಲ್ಲ. ಎಷ್ಟೋ ಸಲ ಕುಶಾಲನಗರದ ಸಿಗ್ನಲ್ ಬೆಂಗಳೂರಿಗೋ ಚೆನ್ನೈಗೋ ಹೋಗಿ, ಅಲ್ಲಿ ಇನ್ನೊಂದು ಕಂಪನಿಯ ಜಾಲಕ್ಕೆ ದಾಟಿ, ತಿರುಗಿ ಮೈಸೂರಿಗೆ ಬರುತ್ತದೆ. ಅನುಮಾನ ಬೇಡ, ಅಳೆಯಿರಿ. ಮೂವರಿಂದಲೂ ಒಂದೊಂದು ಪರೀಕ್ಷಾ ಐಪಿ ವಿಳಾಸ ಕೇಳಿ ಪಡೆದು, ನಾಲ್ಕೂ ಕಚೇರಿಗಳಿಂದ ಒಂದು ವಾರ ಪಿಂಗ್ (ಸಿಗ್ನಲ್ ಹೋಗಿ ಬರುವ ಹೊತ್ತು ಅಳೆಯುವ ಆಜ್ಞೆ) ಓಡಿಸಿ ದಾಖಲೆ ಇಟ್ಟುಕೊಳ್ಳಿ, ಟ್ರೇಸರ್ಟ್‌ನಲ್ಲಿ ದಾರಿ ನೋಡಿ. ಸರಾಸರಿಗಿಂತ ಮುಖ್ಯವಾದದ್ದು ಸಂಜೆ ಏಳರಿಂದ ಹತ್ತರ ನಡುವಿನ ಏರಿಳಿತ ಮತ್ತು ಕಳೆದುಹೋದ ಡೇಟಾ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು. ಶೇ. 1ಕ್ಕಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವವರು ನಿಮಗೆ ಹಿಡಿಶಾಪ ಹಾಕುತ್ತಾರೆ.

ರಿಮೋಟ್ ಡೆಸ್ಕ್‌ಟಾಪ್ ಎಂದದ್ದಕ್ಕೆ ಕಾರಣವಿದೆ. ಈಗ ಕಾರ್ಖಾನೆಯಲ್ಲಿ ಟ್ಯಾಲಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ಓಡುತ್ತ, ಡೇಟಾ ಫೋಲ್ಡರ್ ಮಾತ್ರ ಸರ್ವರ್‌ನಲ್ಲಿದ್ದರೆ, ಆ ಫೋಲ್ಡರನ್ನು ವಿಪಿಎನ್ (ಇಂಟರ್‌ನೆಟ್‌ನೊಳಗಿನ ಖಾಸಗಿ ದಾರಿ) ಮೂಲಕ ಬೆಂಗಳೂರಿನಿಂದ ತೆರೆಯಲು ಹೋಗಬೇಡಿ. ಒಂದು ವರದಿಗೆ ಸರ್ವರ್ ಜೊತೆ ಹತ್ತು ಸಾವಿರ ಸಲ ಕೇಳಿ–ಹೇಳಿ ಆಗಬೇಕೆಂದುಕೊಳ್ಳಿ. ಒಳಜಾಲದಲ್ಲಿ ಸಲಕ್ಕೆ ಅರ್ಧ ಮಿಲಿಸೆಕೆಂಡ್‌ನಂತೆ 5 ಸೆಕೆಂಡಿಗೆ ಮುಗಿಯುತ್ತದೆ, 20 ಮಿಲಿಸೆಕೆಂಡ್ ಆದರೆ 200 ಸೆಕೆಂಡ್. ಬ್ಯಾಂಡ್‌ವಿಡ್ತ್ ಎಷ್ಟು ಹೆಚ್ಚಿಸಿದರೂ ಇದು ಕಡಿಮೆಯಾಗದು. ಬರೆಯುವ ನಡುವೆ ಲೈನ್ ಕಡಿದರೆ ಡೇಟಾ ಕೆಡುವ ಅಪಾಯ ಬೇರೆ. ಟ್ಯಾಲಿಯೂ ಡೇಟಾವೂ ಸರ್ವರ್‌ನಲ್ಲೇ ಇರಲಿ, ಪರದೆ ಮಾತ್ರ ಇಲ್ಲಿಗೆ ಬರಲಿ. ರಿಮೋಟ್ ಡೆಸ್ಕ್‌ಟಾಪ್ ಎಂದರೆ ಇದೇ. ಒಬ್ಬರಿಗೆ 200 ಕಿಲೋಬಿಟ್ ಎಂದು ಹಿಡಿದರೂ 25 ಜನರಿಗೆ 5 ಮೆಗಾಬಿಟ್ ಸಾಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಜೊತೆ ಜಗಳಕ್ಕೆ ನಿಲ್ಲುವುದುಂಟು, ಮೊದಲೇ ಪರೀಕ್ಷಿಸಿ. ಬಳಕೆದಾರರ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ವೆಚ್ಚವನ್ನು ಬಜೆಟ್‌ನಲ್ಲಿ ಸೇರಿಸಲು ಮರೆಯಬೇಡಿ.

ಎರಡು ಲೈನ್ ಬೇಕೇ ಬೇಕು, ಅದೂ ಎರಡು ದಾರಿಯಲ್ಲಿ. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡು, ಎರಡೂ ಹುಣಸೂರು–ಪಿರಿಯಾಪಟ್ಟಣ–ಬೈಲಕುಪ್ಪೆ ರಸ್ತೆಯ ಬದಿಯಲ್ಲೇ ಬಂದರೆ ಜೆಸಿಬಿಯ ಒಂದು ಹಲ್ಲಿಗೆ ಎರಡೂ ಹೋಗುತ್ತವೆ. ಲೈನ್ ಕೊಡುವವರಿಗೆ ‘ನಿಮ್ಮ ಕೇಬಲ್ ಕುಶಾಲನಗರಕ್ಕೆ ಯಾವ ರಸ್ತೆಯಲ್ಲಿ ಬರುತ್ತದೆ? ನೆಲದಡಿಯೋ, ಕಂಬದ ಮೇಲೋ?’ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ವಿದ್ಯುತ್ ಕಂಬದ ಮೇಲೆ ಬಂದ ಫೈಬರ್ ಮರ ಬಿದ್ದಾಗ ಕರೆಂಟಿನ ಜೊತೆಗೇ ಹೋಗುತ್ತದೆ. ಅದಕ್ಕಿಂತ ಕಿರಿಕಿರಿಯದು ಜಂಗಲ್ ಕಟಿಂಗ್, ಕೊಂಬೆ ಕಡಿಯುವವರ ಕತ್ತಿ ಕೇಬಲ್ಲನ್ನೂ ಬಿಡದು. ಒಂದು ಲೈನ್ ಮೈಸೂರು ಕಡೆಯಿಂದ, ಇನ್ನೊಂದು ಅರಕಲಗೂಡು–ಹಾಸನ ಕಡೆಯಿಂದ ಸಿಕ್ಕರೆ ಉತ್ತಮ. ಸಿಗದಿದ್ದರೆ ಎರಡನೆಯದಕ್ಕೆ 4ಜಿ ಅಥವಾ 5ಜಿ ರೌಟರ್ ಇಡಿ. ಆದರೆ ಆ ಮೊಬೈಲ್ ಟವರ್‌ಗೆ ಬರುವ ಫೈಬರೂ ಮೊದಲನೆಯ ಕಂಪನಿಯದ್ದೇ ಆಗಿರಬಾರದು. ಸಂಪಾಜೆ ಘಾಟಿ ದಾಟಿ ಬರುವ ಲೈನನ್ನು ಮಳೆಗಾಲಕ್ಕೆ ನೆಚ್ಚಬೇಡಿ, 2018ರಲ್ಲಿ ಆ ರಸ್ತೆಯೇ ಕುಸಿದಿತ್ತು. ಡಿಪೋಗಳಿಗೆ ಮೊಬೈಲ್ ರೌಟರ್ ಮತ್ತು ಸಣ್ಣ ಯುಪಿಎಸ್ ಇದ್ದರೆ ಸಾಕು. ಕುಶಾಲನಗರ ಕತ್ತಲಲ್ಲಿದ್ದರೂ ಗೋಣಿಕೊಪ್ಪ ಕೆಲಸ ಮಾಡುತ್ತಿರುತ್ತದೆ. ನೀವು ದುಡ್ಡು ಕೊಡುವುದೇ ಇದಕ್ಕೆ.

ಟಿಯರ್ 3ರ ಸಾರ ಒಂದು ಮಾತಿನಲ್ಲಿ: ಯಾವುದೇ ಒಂದು ಜನರೇಟರ್, ಯುಪಿಎಸ್, ಎಸಿ, ಲೈನನ್ನು ರಿಪೇರಿಗೆ ಆರಿಸಿದರೂ ಸರ್ವರ್ ಆರಬಾರದು. ಈ ದರ್ಜೆ ನೀಡುವ ಸಂಸ್ಥೆಯಾದ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ನಕ್ಷೆಗೆ ಒಂದು, ಕಟ್ಟಿ ಮುಗಿದ ಕೇಂದ್ರಕ್ಕೆ ಇನ್ನೊಂದು ಪ್ರಮಾಣಪತ್ರ ಕೊಡುತ್ತದೆ. ಮೊದಲ ಕೇಂದ್ರದವರ ಬಳಿ ಇರುವುದು ಯಾವುದು, ಅದು ನಿಮ್ಮ ರ್‍ಯಾಕ್ ಇರುವ ಕಟ್ಟಡದ್ದೇನಾ ಕೇಳಿ. ಸಂಸ್ಥೆಯ ಜಾಲತಾಣದ ಪಟ್ಟಿಯಲ್ಲೂ ಹೆಸರು ನೋಡಬಹುದು. ‘ಸಮಾನ’ ಎಂಬುದು ಮಾರಾಟಗಾರರ ಪದ. ಹಾಗೆಂದು ಅದು ಸುಳ್ಳೇ ಆಗಬೇಕಿಲ್ಲ, ಹೋಗಿ ನೋಡಿದರೆ ಗೊತ್ತಾಗುತ್ತದೆ. ಮೈಸೂರಿನದನ್ನೂ ಹೀಗೇ ನೋಡಿ.

ನೋಡಲು ಹೋದಾಗ ಗಾಜಿನ ಬಾಗಿಲಿನ ಸ್ವಾಗತ ಕೋಣೆ ಬಿಟ್ಟು ನೇರ ಜನರೇಟರ್ ಹತ್ತಿರ ಹೋಗಿ. ಕಳೆದ ಸಲ ಪೂರ್ತಿ ಲೋಡ್ ಹಾಕಿ ಓಡಿಸಿದ್ದು ಯಾವಾಗ ಎಂದು ಲಾಗ್ ಪುಸ್ತಕ ತೋರಿಸಲು ಹೇಳಿ. ವಾರಕ್ಕೊಮ್ಮೆ ಹತ್ತು ನಿಮಿಷ ಖಾಲಿ ಓಡಿಸಿದ್ದು ಪರೀಕ್ಷೆಯಲ್ಲ. ಡೀಸೆಲ್ ಪೂರ್ತಿ ಲೋಡ್‌ಗೆ ಕನಿಷ್ಠ 12 ಗಂಟೆಗೆ ಸಾಲಬೇಕು, 24 ಇದ್ದರೆ ಒಳ್ಳೆಯದು. ಯುಪಿಎಸ್ ಬ್ಯಾಟರಿ ತಯಾರಾದ ವರ್ಷ ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತದೆ, ಓದಿ. ಹಾಲ್‌ನಲ್ಲಿ ರ್‍ಯಾಕ್‌ನ ಮುಂಭಾಗದ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಖಾಲಿ ಜಾಗಗಳಿಗೆ ಮುಚ್ಚಳಪಟ್ಟಿ ಹಾಕದೆ ಬಾಯಿ ತೆರೆದು ಬಿಟ್ಟಿದ್ದರೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಸುತ್ತಿ ಬರುತ್ತಿದೆ ಎಂದರ್ಥ. ಹಾಲ್‌ನೊಳಗೆ ರಟ್ಟಿನ ಡಬ್ಬಿಗಳು ಬಿದ್ದಿದ್ದರೆ ಅಲ್ಲಿನ ಶಿಸ್ತು ಎಷ್ಟೆಂದು ಬೇರೆ ಕೇಳಬೇಕಿಲ್ಲ. ಯಾವ ಯಾವ ಟೆಲಿಕಾಂ ಕಂಪನಿಗಳ ಫೈಬರ್ ಕಟ್ಟಡದೊಳಗೆ ಇದೆ, ಎರಡು ಬೇರೆ ಕಡೆಯಿಂದ ಒಳಬರುತ್ತದೆಯೇ ಎಂಬುದನ್ನು ಕೊನೆಗೆ ಕೇಳಿ. ನಿಮ್ಮ ಲೈನ್ ಕೊಡುವ ಕಂಪನಿ ಅಲ್ಲೇ ಇದ್ದರೆ ಕ್ರಾಸ್ ಕನೆಕ್ಟ್ (ಕಟ್ಟಡದೊಳಗೇ ಅವರಿಂದ ನಿಮಗೆ ಎಳೆಯುವ ಕೇಬಲ್) ಒಂದರಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೆ ತಿಂಗಳ ಶುಲ್ಕ ಬೇರೆ ಇರುತ್ತದೆ, ಕೊಟೇಶನ್‌ನಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ.

ಎ, ಬಿ ಲೈನ್‌ಗಳಿಗೆ ನಿಜಕ್ಕೂ ಬೇರೆ ಯುಪಿಎಸ್, ಎರಡನೇ ಜನರೇಟರ್, ರಾತ್ರಿಯೂ ಇರುವ ತಂತ್ರಜ್ಞ: ಈ ಮೂರೂ ಮೈಸೂರಿನಲ್ಲಿ ಇದ್ದರೆ ನಾವು ಅದನ್ನೇ ಆರಿಸುತ್ತೇವೆ. ವೇಗಕ್ಕಾಗಿ ಅಲ್ಲ, ಕುಶಾಲನಗರದಿಂದ ಎರಡು ಗಂಟೆಯಲ್ಲಿ ತಲುಪಬಹುದು ಎಂಬುದಕ್ಕಾಗಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೆಂಗಳೂರಿನ ಮೊದಲನೆಯದು. ಬೆಂಗಳೂರಾದರೆ ‘ರಿಮೋಟ್ ಹ್ಯಾಂಡ್ಸ್’ ಸೇವೆಯ ದರ ಮುಖ್ಯ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಲು ಅವರ ಹುಡುಗರೇ ಸಾಕು, ತಿಂಗಳಿಗೆ ಎಷ್ಟು ನಿಮಿಷ ಉಚಿತ ಎಂದು ಕೇಳಿ. ಅದೇ ಮಾದರಿಯ ಒಂದು ಡಿಸ್ಕ್, ಒಂದು ಪವರ್ ಸಪ್ಲೈ, ನಾಲ್ಕು ಪ್ಯಾಚ್ ಕೇಬಲ್ ಅಲ್ಲೇ ಇಟ್ಟಿರಿ. ಸರ್ವರ್‌ನ ಹಿಂದೆ ಮುಂದೆ ದೊಡ್ಡಕ್ಷರದ ಲೇಬಲ್ ಇರಲಿ. ‘ಮೇಲಿನಿಂದ ಎರಡನೆಯದು’ ಎಂದು ಫೋನ್‌ನಲ್ಲಿ ಹೇಳಿ ಬೇರೆಯವರ ಸರ್ವರ್ ಆರಿಸಿಸಿದವರಿದ್ದಾರೆ. ಐಡ್ರ್ಯಾಕ್, ಐಎಲ್‌ಒ ಪುಟಗಳನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ ಹಿಂದೆಯೇ ಇರಲಿ.

ಒಪ್ಪಂದದಲ್ಲಿ ಶೇ. 99.9 ಹೊತ್ತು ಸೇವೆ ಇರುತ್ತದೆ ಎಂದಿದ್ದರೆ 30 ದಿನದ ತಿಂಗಳಲ್ಲಿ 43 ನಿಮಿಷ ನಿಂತರೂ ಅವರ ಮಾತು ತಪ್ಪಿದಂತಲ್ಲ, 99.99 ಆದರೆ 4 ನಿಮಿಷ. ತಪ್ಪಿದರೂ ಸಿಗುವುದು ಬಾಡಿಗೆಯಲ್ಲಿ ಒಂದಿಷ್ಟು ವಜಾ, ನಿಮ್ಮ ವ್ಯಾಪಾರದ ನಷ್ಟವಲ್ಲ. ಇದಕ್ಕಿಂತ ಗಮನಿಸಬೇಕಾದ್ದು ಬಾಕಿ ಉಳಿದರೆ ಯಂತ್ರಗಳನ್ನು ತಡೆಹಿಡಿಯುವ ಷರತ್ತು, ವರ್ಷಕ್ಕೆ ಎಷ್ಟು ಏರಿಕೆ, ಬಿಡಲು ಎಷ್ಟು ತಿಂಗಳ ನೋಟಿಸ್. ಯಂತ್ರಗಳ ಸೀರಿಯಲ್ ನಂಬರ್ ಪಟ್ಟಿ ಒಪ್ಪಂದದ ಭಾಗವಾಗಿರಲಿ. ವಿಮೆ ನಿಮ್ಮ ಹೆಸರಿನಲ್ಲಿ, ಹೊಸ ವಿಳಾಸದೊಂದಿಗೆ. ಒಳಹೋಗಲು ಅನುಮತಿ ಇರುವವರ ಪಟ್ಟಿಯಲ್ಲಿ ಕನಿಷ್ಠ ಇಬ್ಬರಿರಲಿ, ಒಬ್ಬರು ಮಾಲೀಕರೇ ಆಗಿರಲಿ. ಪಟ್ಟಿಯಲ್ಲಿದ್ದ ಒಬ್ಬನೇ ಹುಡುಗ ಕೆಲಸ ಬಿಟ್ಟು ಹೋದರೆ ನಿಮ್ಮ ಸರ್ವರ್ ನಿಮಗೇ ಸಿಗದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು. ಅದು ನಿಮಗೂ ಅನ್ವಯ, ಡೇಟಾ ಸೆಂಟರ್ ನೋಡಿಕೊಳ್ಳುತ್ತದೆ ಎಂದು ಕೂರಬೇಡಿ.

ಸಾಗಿಸಲು ಅಕ್ಟೋಬರ್ ಕೊನೆ ಸರಿಯಾದ ಹೊತ್ತು. ಮಳೆ ಇಳಿದಿರುತ್ತದೆ, ದಸರಾ ಮತ್ತು ತುಲಾ ಸಂಕ್ರಮಣದ ಜನಸಂದಣಿ ಕಳೆದಿರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಮೌಲ್ಯ 50,000 ರೂಪಾಯಿ ಮೀರಿದರೆ ಡೆಲಿವರಿ ಚಲನ್ ಜೊತೆ ಇ-ವೇ ಬಿಲ್ ಬೇಕು, ಕಾರಣ ‘ಸ್ವಂತ ಬಳಕೆ’. ಆರಿಸುವ ಮೊದಲು ಎರಡು ಬ್ಯಾಕಪ್ ತೆಗೆದು, ಒಂದನ್ನಾದರೂ ಬೇರೆ ಯಂತ್ರದಲ್ಲಿ ತೆರೆದು ನೋಡಿ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್‌ಗಳು ಒಮ್ಮೆ ತಣ್ಣಗಾದರೆ ಮತ್ತೆ ತಿರುಗದಿರುವುದುಂಟು, ರೇಡ್ 5ರಲ್ಲಿ (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ) ಎರಡು ಹೀಗಾದರೆ ಎಲ್ಲವೂ ಹೋಯಿತು. ಡಿಸ್ಕ್‌ಗಳನ್ನು ಹೊರತೆಗೆದು, ಸ್ಲಾಟ್ ಸಂಖ್ಯೆ ಬರೆದು, ಫೋಮ್ ಹಾಕಿದ ಪೆಟ್ಟಿಗೆಯಲ್ಲಿ ಕಾರಿನ ಸೀಟಿನ ಮೇಲೆ ಒಯ್ಯಿರಿ. ರ್‍ಯಾಕ್‌ಗೆ ಹತ್ತಿಸುವ ರೈಲ್‌ಗಳು ಸ್ಟೋರ್ ರೂಮಿನ ಯಾವ ಮೂಲೆಯಲ್ಲಿವೆ ಎಂದು ಇವತ್ತೇ ಹುಡುಕಿಸಿ. ಅವು ಸಿಗದೆ ಸರ್ವರನ್ನು ಶೆಲ್ಫ್ ಮೇಲೆ ಕೂರಿಸಿದರೆ ಮತ್ತೆ ಜಾಗ ಹಾಳು. ತಲುಪಿದ ಮೇಲೆ ಕೆಲವು ಗಂಟೆ ಹಾಲ್‌ನ ಉಷ್ಣತೆಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಆನ್ ಮಾಡಿ.

ಎಲ್ಲ ಓಡತೊಡಗಿ ಡಿಪೋಗಳಿಂದ ಬಿಲ್ ಬರೆಯುವುದು ಸಾಧ್ಯವಾದ ಮೇಲೆ, ಇನ್ನೂ ಅಲ್ಲೇ ಇರುವಾಗ, ಎ ಲೈನಿನ ತಂತಿಗಳನ್ನು ನೀವೇ ಕೀಳಿ. ಫೋನ್‌ನಲ್ಲಿ ಗೋಣಿಕೊಪ್ಪದವರನ್ನು ಕೇಳಿ, ಅವರ ಪರದೆ ಹೋಗಿರಬಾರದು. ಮತ್ತೆ ಹಾಕಿ, ಬಿ ಕೀಳಿ. ಆಮೇಲೆ ಕುಶಾಲನಗರದಲ್ಲಿ ಮುಖ್ಯ ಫೈಬರ್ ತೆಗೆಸಿ ಎರಡನೇ ಲೈನ್ ಎಷ್ಟು ಸೆಕೆಂಡಿಗೆ ಎದ್ದಿತು ಎಂದು ಬರೆದುಕೊಳ್ಳಿ. ಟವರ್ ಸರ್ವರನ್ನು ತಿಂಗಳ ಮಟ್ಟಿಗೆ ಇದ್ದಲ್ಲೇ ಇರಗೊಡಿ, ಗುಜರಿಗೆ ಹಾಕುವ ಆತುರ ಬೇಡ.